ತೊಟ್ಟಿಯ ನೀರಿನ ಮೇಲೆ ಒಂದು ಹನಿ ಎಣ್ಣೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಸಾಫ್ಟ್‌ವೇರ್‌ನವನು, ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಪ್ಪ" ಎಂದರು. ಕಂಪ್ಯೂಟರ್ ಈಗ ಎಲ್ಲರ ಜೇಬಿನಲ್ಲೂ ಇದೆ, ನಾನು ಹೇಳುವಂಥದ್ದೇನೂ ಉಳಿದಿಲ್ಲ, ಎಣ್ಣೆಯ ಬಗ್ಗೆ ಮಾತಾಡುತ್ತೇನೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, "ಯಾವ ಎಣ್ಣೆ?" ಎಂದು ಕೇಳಿದರು. ಕುಡಿಯುವ ಎಣ್ಣೆ ಅಲ್ಲ, ಶೇಂಗಾ ಎಣ್ಣೆ ಎಂದ ಮೇಲೆ ಒಪ್ಪಿಕೊಂಡರು.

ನಮ್ಮದು ಚಳ್ಳಕೆರೆ ಸೀಮೆ. ಎಣ್ಣೆ ಮಿಲ್ಲುಗಳಿಂದಾಗಿಯೇ ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಬಂದಿದ್ದು. ಇಲ್ಲಿ ಕೂತವರಲ್ಲಿ ಶೇಂಗಾ ಕಿತ್ತು, ಬಿಡಿಸಿ, ಕೈ ಒರಟಾಗದವರು ಯಾರೂ ಇಲ್ಲ. ಹಾಗಿದ್ದೂ ಆ ಕಾಳಿನ ಒಳಗೆ ಇರುವುದು ಏನು ಎಂದು ನನಗೆ ನೆಟ್ಟಗೆ ಗೊತ್ತಾಗಿದ್ದು ನಾಲ್ಕು ವರ್ಷದ ಹಿಂದೆ, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ನಮ್ಮ ಶಾಲೆಯ ನೀರಿನ ತೊಟ್ಟಿಯಿಂದ ಶುರು ಮಾಡುತ್ತೇನೆ.

ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ ವಿಜ್ಞಾನದ ಮೇಷ್ಟ್ರು ಒಂದು ದಿನ ನಮ್ಮನ್ನೆಲ್ಲ ತೊಟ್ಟಿಯ ಸುತ್ತ ನಿಲ್ಲಿಸಿದರು. ಸೀಮೆಸುಣ್ಣದ ಪುಡಿಯನ್ನು ನೀರಿನ ಮೇಲೆ ತೆಳ್ಳಗೆ ಉದುರಿಸಿದರು. ಅಡುಗೆಯವರ ಹತ್ತಿರ ಇಸಕೊಂಡ ಎಣ್ಣೆಯಲ್ಲಿ ಒಂದು ಪೊರಕೆ ಕಡ್ಡಿ ಅದ್ದಿ, ಅದರ ತುದಿಯನ್ನು ನೀರಿಗೆ ಮುಟ್ಟಿಸಿದರು. ಪುಡಿಯೆಲ್ಲ ಯಾರೋ ಕೈಯಿಂದ ತಳ್ಳಿದ ಹಾಗೆ ಸುತ್ತಲೂ ಸರಿದು, ನಡುವೆ ದೊಡ್ಡ ತಟ್ಟೆಯಷ್ಟು ಜಾಗ ಖಾಲಿಯಾಯಿತು. ನಾವು ಚಪ್ಪಾಳೆ ಹೊಡೆದೆವು. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಎಣ್ಣೆ ಹರಡ್ತು, ಸರಿ. ಎಲ್ಲಿಗೆ ಬಂದು ನಿಲ್ತು? ಯಾಕೆ ನಿಲ್ತು?" ಯಾರೂ ಉತ್ತರ ಹೇಳಲಿಲ್ಲ. ಗಂಟೆ ಹೊಡೆಯಿತು.

ಇದೇ ಆಟವನ್ನು ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಫಮ್ ಎಂಬಲ್ಲಿನ ಕೊಳದಲ್ಲಿ ಮಾಡಿ ನೋಡಿದ್ದ. ಅವನ ಬರಹ ಅಚ್ಚಾಗಿದ್ದು 1774ರಲ್ಲಿ. ಒಂದು ಚಮಚಕ್ಕಿಂತ ಹೆಚ್ಚಿಲ್ಲದ ಎಣ್ಣೆ ಸುಮಾರು ಅರ್ಧ ಎಕರೆ ನೀರಿನ ಮೇಲೆ ಹರಡಿ, ಅಲೆಗಳೆಲ್ಲ ಅಡಗಿ, ನೀರು ಕನ್ನಡಿಯಂತಾಯಿತು. ಅರ್ಧ ಎಕರೆ ಎಂದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತು ಗುಂಟೆ. ಮಕ್ಕಳೇ, ಇದು ನಿಮಗೆ ಬರುವ ಲೆಕ್ಕವೇ. ಚಮಚಕ್ಕೆ 5 ಮಿಲಿಲೀಟರ್ ಎಂದು ಹಿಡಿಯಿರಿ, ಇಪ್ಪತ್ತು ಗುಂಟೆಗೆ ಸುಮಾರು 2,000 ಚದರ ಮೀಟರ್. ಭಾಗಿಸಿದರೆ ಎಣ್ಣೆಯ ಪದರದ ದಪ್ಪ ಬರುತ್ತದೆ. ಒಂದು ಮಿಲಿಮೀಟರನ್ನು ನಾಲ್ಕು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು, ಅಂದರೆ ಎರಡೂವರೆ ನ್ಯಾನೋಮೀಟರ್. ಅದಕ್ಕಿಂತ ತೆಳ್ಳಗಾಗಲು ಎಣ್ಣೆಗೆ ಆಗುವುದಿಲ್ಲ, ಏಕೆಂದರೆ ಅಲ್ಲಿ ಉಳಿದಿರುವುದು ಒಂದೇ ಅಣುವಿನ ದಪ್ಪ. ಮೇಷ್ಟ್ರ ಪ್ರಶ್ನೆಗೆ ಉತ್ತರ ಅದು. ಫ್ರಾಂಕ್ಲಿನ್ ಈ ಭಾಗಾಕಾರ ಮಾಡಲಿಲ್ಲ. ಅಣುವಿನ ಅಳತೆ ಎಂಬ ಮಾತೇ ಆಗ ಇರಲಿಲ್ಲ.

ಈ ಪದರವನ್ನು ಸರಿಯಾಗಿ ಅಳೆಯುವ ದಾರಿ ತೋರಿಸಿದವಳು ಕಾಲೇಜಿನ ಮುಖ ಕಾಣದ ಒಬ್ಬ ಹೆಣ್ಣುಮಗಳು. ಆಗ್ನೆಸ್ ಪೊಕೆಲ್ಸ್, ಜರ್ಮನಿಯ ಬ್ರೌನ್‌ಶ್ವೈಗ್ ಊರಿನವಳು. ಹೆಣ್ಣುಮಕ್ಕಳಿಗೆ ಅಲ್ಲಿನ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯದ ಕಾಲ. ಕಾಯಿಲೆಯ ತಂದೆತಾಯಿಯನ್ನು ನೋಡಿಕೊಂಡು, ಅಡುಗೆಮನೆಯಲ್ಲೇ ತಗಡಿನ ಒಂದು ತೊಟ್ಟಿ ಇಟ್ಟುಕೊಂಡು, ನೀರಿನ ಮೇಲೆ ಜಿಡ್ಡು ಹೇಗೆ ವರ್ತಿಸುತ್ತದೆ ಎಂದು ಸುಮಾರು ಹತ್ತು ವರ್ಷ ಅಳೆದಳು. ತಮ್ಮನ ಭೌತವಿಜ್ಞಾನದ ಪುಸ್ತಕಗಳೇ ಅವಳ ಕಾಲೇಜು. 1891ರಲ್ಲಿ ಇಂಗ್ಲೆಂಡಿನ ಲಾರ್ಡ್ ರ‍್ಯಾಲೆಗೆ ಪತ್ರ ಬರೆದಳು. ಆತ ದೊಡ್ಡ ಮನುಷ್ಯ, ಪತ್ರವನ್ನು ಅನುವಾದ ಮಾಡಿಸಿ 'ನೇಚರ್' ಪತ್ರಿಕೆಗೆ ಕಳಿಸಿ, ಅವಳ ಹೆಸರಿನಲ್ಲೇ ಅಚ್ಚು ಹಾಕಿಸಿದ. ಅವಳ ತಗಡಿನ ತೊಟ್ಟಿಯ ಮಾದರಿಯೇ ಬೆಳೆದು ಇವತ್ತಿಗೂ ಪ್ರಯೋಗಾಲಯಗಳಲ್ಲಿದೆ. ನಮ್ಮ ಶಾಲೆಯಲ್ಲಿ ಈಗ ಹುಡುಗಿಯರೇ ಹೆಚ್ಚು ಎಂದು ಹೆಡ್‌ಮಾಸ್ತರರು ಬೆಳಿಗ್ಗೆ ಹೇಳಿದರು. ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಈಗ ಆ ಅಣು ಹೇಗಿದೆ ನೋಡೋಣ. ಎಣ್ಣೆ, ತುಪ್ಪ, ಮೇಣ, ಕೊಬ್ಬು, ಕೊಲೆಸ್ಟ್ರಾಲ್, ಎಲ್ಲಕ್ಕೂ ಸೇರಿ ಲಿಪಿಡ್ ಎಂದು ಹೆಸರು. ನೀರಿನಲ್ಲಿ ಕರಗದಿರುವುದೇ ಇವುಗಳ ಕುಲಗುಣ.

ನಮ್ಮ ಅಪ್ಪನ ಹತ್ತಿರ ಮೂರು ತಾಳಿನ ಕೂರಿಗೆ ಇತ್ತು. ಎಣ್ಣೆಯ ಅಣು ಥೇಟ್ ಅದೇ. ಮೇಲಿನ ದಿಂಡಿನ ಜಾಗದಲ್ಲಿ ಗ್ಲಿಸರಾಲ್ ಎಂಬ ಮೂರು ಇಂಗಾಲದ ತುಂಡು. ಅದಕ್ಕೆ ಮೂರು ಉದ್ದನೆಯ ತಾಳುಗಳು. ಒಂದೊಂದು ತಾಳೂ ಒಂದು ಕೊಬ್ಬಿನ ಆಮ್ಲ, ಅಂದರೆ ಹದಿನಾರೋ ಹದಿನೆಂಟೋ ಇಂಗಾಲದ ಪರಮಾಣುಗಳು ಸರಪಳಿಯಂತೆ ಒಂದಕ್ಕೊಂದು ಕೈ ಹಿಡಿದು ನಿಂತದ್ದು. ಇದಕ್ಕೆ ಟ್ರೈಗ್ಲಿಸರೈಡ್ ಎನ್ನುತ್ತಾರೆ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಈ ಹೆಸರನ್ನು ಬಹಳ ಜನ ನೋಡಿದ್ದೀರಿ.

ಗಟ್ಟಿ ಕೊಬ್ಬಿಗೂ ತೆಳು ಎಣ್ಣೆಗೂ ಇರುವ ವ್ಯತ್ಯಾಸವೆಲ್ಲ ಈ ತಾಳುಗಳ ಆಕಾರದಲ್ಲಿದೆ. ಕೆಲವು ನೆಟ್ಟಗಿರುತ್ತವೆ. ಕೆಲವಕ್ಕೆ ನಡುವೆ ಎರಡು ಇಂಗಾಲಗಳು ಜೋಡಿ ಬಂಧದಿಂದ ಕಟ್ಟಿಕೊಂಡು ಅಲ್ಲೊಂದು ಸೊಟ್ಟ ಬಂದಿರುತ್ತದೆ. ಜೋಳದ ದಂಟನ್ನು ಹೊರೆ ಕಟ್ಟಿ ನೋಡಿ. ನೆಟ್ಟಗಿರುವುದರಿಂದ ಒತ್ತೊತ್ತಾಗಿ ಕೂರುತ್ತವೆ, ಹೊರೆ ಗಟ್ಟಿ. ಜಾಲಿ ಕೊಂಬೆಯನ್ನು ಹೊರೆ ಕಟ್ಟಿ. ಎಷ್ಟು ತುಳಿದರೂ ಸಂದಿ ಉಳಿಯುತ್ತದೆ, ಜಾರುತ್ತದೆ. ನೆಟ್ಟಗಿನ ಸ್ಟಿಯರಿಕ್ ಆಮ್ಲ ಕರಗಲು ಸುಮಾರು 69 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅಷ್ಟೇ ಉದ್ದದ, ಒಂದೇ ಒಂದು ಸೊಟ್ಟ ಇರುವ ಒಲಿಯಿಕ್ ಆಮ್ಲ 13 ಡಿಗ್ರಿಗೇ ಕರಗಿ ನೀರಾಗುತ್ತದೆ. ನಮ್ಮ ಶೇಂಗಾ ಎಣ್ಣೆಯಲ್ಲಿ ಹೆಚ್ಚಿನ ಪಾಲು ಸೊಟ್ಟ ತಾಳುಗಳೇ. ಅದಕ್ಕೇ ಚಳಿಗಾಲದಲ್ಲೂ ಡಬ್ಬಿಯಿಂದ ಸುರಿಯುತ್ತದೆ. ಸೊಸೈಟಿಯಲ್ಲಿ ಕೊಡುತ್ತಿದ್ದ ತಾಳೆ ಎಣ್ಣೆ ಬೆಳಗಿನ ಹೊತ್ತು ಹೆಪ್ಪುಗಟ್ಟಿ, ಅವ್ವ ಅದನ್ನು ಬಿಸಿಲಿಗೆ ಇಡುತ್ತಿದ್ದುದು ನೆನಪಿದೆ. ಅದರಲ್ಲಿ ನೆಟ್ಟಗಿನ ಪಾಲ್ಮಿಟಿಕ್ ಆಮ್ಲ ಜಾಸ್ತಿ. ಈ ಪಾಲ್ಮಿಟಿಕ್ ಎಂಬ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಇನ್ನೊಮ್ಮೆ ಬರುತ್ತದೆ.

ಡಾಲ್ಡಾದ ಗುಟ್ಟೂ ಇಲ್ಲೇ ಇದೆ. ಸೊಟ್ಟ ತಾಳಿಗೆ ಜಲಜನಕ ಹಾಯಿಸಿ ನೆಟ್ಟಗೆ ಮಾಡಿದರೆ ಎಣ್ಣೆ ತುಪ್ಪದ ಹಾಗೆ ಗಟ್ಟಿಯಾಗುತ್ತದೆ. ಆದರೆ ಆ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದಾಗ ಕೆಲವು ತಾಳುಗಳಲ್ಲಿ ಜೋಡಿ ಬಂಧ ಇದ್ದೂ ಸೊಟ್ಟ ಮಾತ್ರ ಹೋಗಿರುತ್ತದೆ. ಅದೇ ಟ್ರಾನ್ಸ್ ಕೊಬ್ಬು. ಹೃದಯದ ರಕ್ತನಾಳಕ್ಕೆ ಕೆಟ್ಟದ್ದು. ನಮ್ಮ ದೇಶದಲ್ಲಿ 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಇದು ನೂರಕ್ಕೆ ಎರಡಕ್ಕಿಂತ ಹೆಚ್ಚು ಇರಬಾರದು ಎಂದು ಕಾನೂನಾಗಿದೆ.

ಊರಿಗೆ ಬಂದಾಗಲೆಲ್ಲ ಎಲ್ಲರೂ ನನ್ನನ್ನು ಕೇಳುವುದು ಒಂದೇ: ಗಾಣದ ಎಣ್ಣೆ ಒಳ್ಳೆಯದೋ ರಿಫೈನ್ಡ್ ಒಳ್ಳೆಯದೋ? ನಾನು ಡಾಕ್ಟರಲ್ಲ. ಆದರೂ ಗೊತ್ತಿರುವಷ್ಟು ಹೇಳುತ್ತೇನೆ. ಒಂದೇ ಶೇಂಗಾದಿಂದ ತೆಗೆದರೆ ಎರಡರಲ್ಲೂ ತಾಳುಗಳು ಹೆಚ್ಚುಕಡಿಮೆ ಅವೇ. ರಿಫೈನ್ ಮಾಡಿದರೆ ಬಣ್ಣ, ವಾಸನೆ, ಇನ್ನು ಕೆಲವು ಸಣ್ಣಪುಟ್ಟ ಅಂಶಗಳು ಹೋಗುತ್ತವೆ. ಎರಡರಲ್ಲೂ ಒಂದು ಗ್ರಾಂಗೆ 9 ಕಿಲೊಕ್ಯಾಲೊರಿ, ಅನ್ನ ಮುದ್ದೆಯ ಪಿಷ್ಟದಲ್ಲಿ ಇರುವುದು 4. ಪ್ಯಾಕೆಟ್ಟಿನ ಮೇಲೆ ಕೊಲೆಸ್ಟ್ರಾಲ್ ಇಲ್ಲ ಎಂದು ದೊಡ್ಡದಾಗಿ ಬರೆದಿರುವುದಕ್ಕೆ ಹೆಚ್ಚಿಗೆ ದುಡ್ಡು ಕೊಡಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಅದು ಪ್ರಾಣಿಗಳ ಸರಕು. ರುಚಿ ಕೇಳಿದರೆ ನನ್ನ ಓಟು ಗಾಣಕ್ಕೆ.

ಶೇಂಗಾ ಕಾಳಿನಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ. ಮಳೆ ಬಿದ್ದು ಮೊಳಕೆ ಮೇಲೆ ಬರುವವರೆಗೆ ಅದು ಗಿಡದ ಬುತ್ತಿ. ಕುರಿಗೂ ಅಷ್ಟೇ, ನಮಗೂ ಅಷ್ಟೇ. ಇದು ಪುಸ್ತಕದಲ್ಲಿದೆ, ಹೆಚ್ಚು ಹೇಳುವುದಿಲ್ಲ. ಕೊಬ್ಬು ಎಂದರೆ ಕೂಡಿಟ್ಟ ಗಂಟು ಎಂದು ನಾನೂ ಬಹಳ ಕಾಲ ತಿಳಿದಿದ್ದೆ. ಅದರ ದೊಡ್ಡ ಕೆಲಸ ಬೇರೆಯೇ ಇದೆ.

ಕೂರಿಗೆಯ ಮೂರು ತಾಳಿನಲ್ಲಿ ಒಂದನ್ನು ಕಿತ್ತು, ಅಲ್ಲಿ ರಂಜಕ ಇರುವ ಒಂದು ತಲೆ ಕೂರಿಸಿ. ಇದು ಫಾಸ್ಫೋಲಿಪಿಡ್. ತಲೆಗೆ ನೀರೆಂದರೆ ಪ್ರೀತಿ, ಎರಡು ಕಾಲಿಗೆ ನೀರೆಂದರೆ ಆಗದು. ಇಂಥ ಕೋಟಿಗಟ್ಟಲೆ ಅಣುಗಳನ್ನು ನೀರಿಗೆ ಬಿಟ್ಟರೆ ಯಾರೂ ಹೇಳಿಕೊಡದೆ ಅವು ಎರಡು ಸಾಲಾಗಿ ನಿಲ್ಲುತ್ತವೆ. ಎರಡೂ ಸಾಲಿನ ತಲೆಗಳು ಹೊರಗಡೆ ನೀರಿನ ಕಡೆಗೆ, ಕಾಲುಗಳು ಒಳಗಡೆ ಒಂದಕ್ಕೊಂದು ಎದುರಾಗಿ. ಇದೇ ಕೋಶಪೊರೆಯ ಮೂಲ. ನಿಮ್ಮ ಮೈಯ ಒಂದೊಂದು ಜೀವಕೋಶವೂ ಇಂಥ ಒಂದು ಜಿಡ್ಡಿನ ಗೋಡೆಯ ಒಳಗೆ ಬದುಕಿದೆ. ಕೊರೊನಾ ವೈರಸ್ಸಿನ ಹೊದಿಕೆಯೂ ಇಂಥದ್ದೇ ಆದ್ದರಿಂದ ಸೋಪು ತಾಗಿದರೆ ಹರಿದುಹೋಗುತ್ತಿತ್ತು.

ಎರಡು ಸಾಲು ಎಂದು ಹೇಗೆ ಗೊತ್ತಾಯಿತು? 1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬಿಬ್ಬರು ಕೆಂಪು ರಕ್ತಕಣಗಳ ಜಿಡ್ಡನ್ನೆಲ್ಲ ಅಸಿಟೋನಿನಿಂದ ತೆಗೆದು, ಪೊಕೆಲ್ಸಳ ತೊಟ್ಟಿಯಂಥದ್ದೇ ಒಂದರಲ್ಲಿ ನೀರಿನ ಮೇಲೆ ಹರಡಿ ಅಳೆದರು. ಅದು ಹರಡಿದ ಜಾಗ ಕಣಗಳ ಹೊರಮೈಯ ಎರಡರಷ್ಟಿತ್ತು. ಎರಡು ಪದರ ಎಂದು ಬರೆದರು. ಇದರಲ್ಲಿ ನಮ್ಮ ಕಸುಬಿನವರಿಗೆ ಖುಷಿ ಕೊಡುವ ವಿಷಯ ಒಂದಿದೆ. ಅವರು ಎರಡು ತಪ್ಪು ಮಾಡಿದ್ದರು. ಅಸಿಟೋನು ಜಿಡ್ಡನ್ನು ಪೂರ್ತಿ ತೆಗೆದಿರಲಿಲ್ಲ. ರಕ್ತಕಣದ ಮೈಯ ಅಳತೆಯನ್ನೂ ಅವರು ಕಡಿಮೆ ಹಿಡಿದಿದ್ದರು. ಎರಡು ತಪ್ಪು ಒಂದನ್ನೊಂದು ತಿಂದುಹಾಕಿ ಉತ್ತರ ಸರಿಯಾಗಿ ಬಂತು. ಸಾಫ್ಟ್‌ವೇರಿನಲ್ಲಿ ನಾವು ಇಂಥದ್ದನ್ನು ಆಗಾಗ ನೋಡುತ್ತೇವೆ, ಆದರೆ ನಮಗೆ ಅದರಿಂದ ಬೈಗುಳ ಮಾತ್ರ ಸಿಗುತ್ತದೆ.

ಕೊಲೆಸ್ಟ್ರಾಲಿನದು ಕೂರಿಗೆಯ ಆಕಾರ ಅಲ್ಲ. ನಾಲ್ಕು ಉಂಗುರ ಒಂದಕ್ಕೊಂದು ಅಂಟಿದ ಬಿಲ್ಲೆ. ಕೋಶಪೊರೆಯ ತಾಳುಗಳ ನಡುವೆ ಕೂತು, ಅದು ತೀರಾ ಗಟ್ಟಿಯೂ ಆಗದಂತೆ ತೀರಾ ಸಡಿಲವೂ ಆಗದಂತೆ ನೋಡಿಕೊಳ್ಳುತ್ತದೆ. ಪಿತ್ತರಸ, ಗಂಡು ಹೆಣ್ಣಿನ ಹಾರ್ಮೋನುಗಳು, ಬಿಸಿಲಿನಲ್ಲಿ ಚರ್ಮ ತಯಾರಿಸುವ ಡಿ ವಿಟಮಿನ್, ಎಲ್ಲ ಈ ಮನೆತನದವೇ. ನಮ್ಮ ಯಕೃತ್ತು ದಿನವೂ ಇದನ್ನು ತಯಾರಿಸುತ್ತದೆ. ರಕ್ತದಲ್ಲಿ ಎಲ್‌ಡಿಎಲ್ ಎಂಬ ಗಂಟುಗಳಾಗಿ ಅತಿಯಾದಾಗ ಅದು ರಕ್ತನಾಳದ ಗೋಡೆಗೆ ಸೇರಿಕೊಳ್ಳುತ್ತದೆ, ತೊಂದರೆ ಆಗ. ಕೊಲೆಸ್ಟ್ರಾಲ್ ಎಂಬುದೇ ಸುಳ್ಳು ಎಂದು ವಾಟ್ಸಾಪಿನಲ್ಲಿ ಬಂದ ವಿಡಿಯೊ ನೋಡಿ ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟವರು ನಮ್ಮ ಓಣಿಯಲ್ಲೇ ಇದ್ದಾರೆ. ಹೆಸರು ಹೇಳುವುದಿಲ್ಲ, ಅವರಿಗೆ ಗೊತ್ತು. ನಾಳೆಯೇ ಡಾಕ್ಟರ ಹತ್ತಿರ ಹೋಗಿ ಬರಲಿ.

ಈಗ ಆಸ್ಪತ್ರೆಯ ಮಾತು.

ನಮ್ಮಜ್ಜಿಗೆ ಏಳು ತಿಂಗಳಿಗೇ ಹುಟ್ಟಿದ ಒಂದು ಮಗು ಇತ್ತಂತೆ. "ಉಸುರು ಎಳಕಂಡು ಎಳಕಂಡು ಸಾಕಾಗಿ ಬಿಟ್ಟೋತು ಕಣಪ್ಪ" ಎಂದು ಅಜ್ಜಿ ಹೇಳುತ್ತಿದ್ದಳು. ಒಂದು ಹಗಲು ಒಂದು ರಾತ್ರಿ ಇತ್ತು, ಅಷ್ಟೇ. ಅದು ಬಡತನದಿಂದ, ಹಳ್ಳಿಯಾಗಿದ್ದರಿಂದ ಆಯಿತು ಎಂದು ನಾನು ತಿಳಿದಿದ್ದೆ. ಆದರೆ 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಗಂಡುಮಗು ಐದು ವಾರ ಮೊದಲೇ ಹುಟ್ಟಿ, ಎರಡು ದಿನ ತುಂಬುವ ಮೊದಲೇ ಇದೇ ತೊಂದರೆಯಿಂದ ತೀರಿಕೊಂಡಿತು. ಅಮೆರಿಕದ ಅಧ್ಯಕ್ಷನಿಗೂ ಆಗ ಔಷಧಿ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿಗೆ ಮೂವತ್ತನೆಯ ವಾರದಲ್ಲಿ ನೋವು ಬಂತು. ಮಗಳು ಹುಟ್ಟಿದಾಗ ತೂಕ 1,200 ಗ್ರಾಂ. ಹುಟ್ಟಿದ ಸ್ವಲ್ಪ ಹೊತ್ತಿಗೇ ನರಳಲು ಶುರು ಮಾಡಿತು. ಒಂದೊಂದು ಉಸಿರಿಗೂ ಪಕ್ಕೆಲುಬು ಒಳಗೆ ಹೋಗುತ್ತಿತ್ತು. ಅಜ್ಜಿ ಹೇಳಿದ್ದು ಇದೇ ಎಂದು ನನಗೆ ಗಾಜಿನ ಆಚೆ ನಿಂತಾಗ ಗೊತ್ತಾಯಿತು.

ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಿಡಿಸಿ ಹೇಳಿದರು. ಶ್ವಾಸಕೋಶದ ಒಳಗೆ ಸಣ್ಣ ಸಣ್ಣ ಗಾಳಿಚೀಲಗಳಿವೆ. ಅವುಗಳ ಒಳಮೈ ಒದ್ದೆ. ಒದ್ದೆಯಾದ ಪ್ಲಾಸ್ಟಿಕ್ ಕವರಿನ ಎರಡು ಬದಿ ಅಂಟಿಕೊಂಡರೆ ಬಿಡಿಸುವುದು ಎಷ್ಟು ಕಷ್ಟ? ನೀರಿನ ಮೇಲ್ಮೈಗೆ ಒಂದು ಎಳೆತ ಇದೆ, ಅದು ಗಾಳಿಚೀಲವನ್ನು ಮುಚ್ಚಿಬಿಡಲು ನೋಡುತ್ತದೆ. ನಮಗೆ ಹಾಗಾಗದಿರುವುದು ಏಕೆಂದರೆ ಆ ನೀರಿನ ಮೇಲೆ ಒಂದು ಅಣುವಿನಷ್ಟು ತೆಳ್ಳನೆಯ ಜಿಡ್ಡಿನ ಪದರ ಹರಡಿದೆ. ಅದರ ಹೆಸರು ಸರ್ಫ್ಯಾಕ್ಟಂಟ್. ಮಗು ಗರ್ಭದಲ್ಲಿ ಇದನ್ನು ಸಾಕಷ್ಟು ತಯಾರಿಸಿಕೊಳ್ಳುವಷ್ಟರಲ್ಲಿ ಮೂವತ್ತನಾಲ್ಕು ಮೂವತ್ತೈದು ವಾರ ಆಗಿರುತ್ತದೆ. ನಮ್ಮ ಮಗಳಿಗೆ ಅಷ್ಟು ಸಮಯ ಸಿಗಲಿಲ್ಲ. ಇಂಥ ಮಕ್ಕಳಲ್ಲಿ ಈ ಜಿಡ್ಡಿನ ಕೊರತೆ ಇದೆ ಎಂದು 1959ರಲ್ಲಿ ತೋರಿಸಿದವರು ಮೇರಿ ಎಲೆನ್ ಏವರಿ ಎಂಬ ಅಮೆರಿಕದ ಡಾಕ್ಟರು. 1980ರಲ್ಲಿ ಜಪಾನಿನ ಫುಜಿವಾರಾ, ಹಸುವಿನ ಶ್ವಾಸಕೋಶದಿಂದ ತೆಗೆದು ತಯಾರಿಸಿದ ಸರ್ಫ್ಯಾಕ್ಟಂಟನ್ನು ಹತ್ತು ಶಿಶುಗಳಿಗೆ ಕೊಟ್ಟು ಫಲ ಕಂಡರು.

ಒಂದು ಪುಟ್ಟ ಸೀಸೆ ತಂದರು. ಹಾಲಿನಂಥ ಬಿಳಿ ದ್ರವ. ಮೂರು ಮಿಲಿಲೀಟರ್, ಒಂದು ಚಮಚವೂ ಇಲ್ಲ. ತೆಳ್ಳನೆಯ ಕೊಳವೆಯಿಂದ ಮಗಳ ಶ್ವಾಸನಾಳಕ್ಕೆ ಬಿಟ್ಟರು. "ಅದು ತಾನಾಗೇ ಹರಡಿಕೊಳ್ಳುತ್ತೆ" ಎಂದರು ಡಾಕ್ಟರಮ್ಮ. ನನಗೆ ಆ ಹೊತ್ತಿನಲ್ಲಿ ನಮ್ಮ ತೊಟ್ಟಿ, ಸೀಮೆಸುಣ್ಣದ ಪುಡಿ, ಮೇಷ್ಟ್ರ ಕೈಯಲ್ಲಿದ್ದ ಪೊರಕೆ ಕಡ್ಡಿ ಕಣ್ಣಿಗೆ ಕಟ್ಟಿತು. ಪುಡಿ ಸರಿದ ಹಾಗೆ ಇದೂ ಸರಿಯಬೇಕು ಎಂದು ಬೇಡಿಕೊಂಡೆ. ಒಂದು ಗಂಟೆಯೊಳಗೆ ಆಮ್ಲಜನಕದ ಮಟ್ಟವನ್ನು ಅರವತ್ತರಿಂದ ಮೂವತ್ತಕ್ಕೆ ಇಳಿಸಿದರು. ಪಕ್ಕೆ ಒಳಗೆ ಹೋಗುವುದು ಕಡಿಮೆಯಾಯಿತು.

ಆಮೇಲೆ ಮನೆಗೆ ಬಂದು ಓದಿದೆ. ಆ ದ್ರವದ ಮುಖ್ಯ ಅಣುವಿಗೆ ಒಂದು ತಲೆ, ಎರಡು ಕಾಲು. ಎರಡೂ ಕಾಲು ಪಾಲ್ಮಿಟಿಕ್ ಆಮ್ಲ. ಅವ್ವ ಬಿಸಿಲಿಗೆ ಇಡುತ್ತಿದ್ದ ತಾಳೆ ಎಣ್ಣೆಯಲ್ಲಿ ಇದ್ದದ್ದೇ. ನೆಟ್ಟಗಿರುವುದರಿಂದ ಉಸಿರು ಬಿಟ್ಟಾಗ ಜೋಳದ ದಂಟಿನ ಹೊರೆಯಂತೆ ಒತ್ತಾಗಿ ನಿಂತು, ನೀರಿನ ಎಳೆತವನ್ನು ಇಲ್ಲವೆನ್ನುವಷ್ಟು ಇಳಿಸುತ್ತವೆ. ಜಾಲಿ ಕೊಂಬೆಯಂಥ ಸೊಟ್ಟ ಕಾಲುಗಳಿಗೆ ಈ ಕೆಲಸ ಒಗ್ಗುವುದಿಲ್ಲ. ನೆಟ್ಟಗಿನ ಕೊಬ್ಬನ್ನು ಕೆಟ್ಟ ಕೊಬ್ಬು ಎಂದು ಪತ್ರಿಕೆಗಳಲ್ಲಿ ಓದಿ ಓದಿ ನಾನೂ ಹಾಗೇ ಅನ್ನುತ್ತಿದ್ದೆ. ತಟ್ಟೆಯಲ್ಲಿ ಅದು ಅತಿಯಾದರೆ ಕೆಟ್ಟದ್ದು ನಿಜ. ಆದರೆ ಅದಿಲ್ಲದೆ ನಾವು ಯಾರೂ ಇಲ್ಲಿ ಕೂತು ಉಸಿರಾಡುತ್ತಿರಲಿಲ್ಲ. ಈಗ ಕೆಟ್ಟ ಕೊಬ್ಬು ಎಂಬ ಮಾತು ಬಂದರೆ, ಎಲ್ಲಿ, ಎಷ್ಟು ಎಂದು ಕೇಳುತ್ತೇನೆ.

ಆ ಸೀಸೆಯ ಔಷಧಿ ಬಂದದ್ದು ಹಂದಿಯ ಶ್ವಾಸಕೋಶದಿಂದ. ಇದನ್ನು ಅವ್ವನಿಗೆ ಈವರೆಗೂ ಹೇಳಿರಲಿಲ್ಲ. ಅವ್ವ ಅಲ್ಲಿ ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ, ಮೊಮ್ಮಗಳು ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದಾಳೆ. ಬೈಯುವುದಿದ್ದರೆ ಮನೆಗೆ ಹೋದ ಮೇಲೆ ಬೈಯವ್ವ.

ಇನ್ನೊಂದು ಮಾತು ಹೆಣ್ಣುಮಕ್ಕಳ ಮನೆಯವರಿಗೆ. ಮಗು ಹುಟ್ಟುವ ಮೊದಲೇ ನನ್ನ ಹೆಂಡತಿಗೆ ಒಂದು ಇಂಜೆಕ್ಷನ್ ಕೊಟ್ಟಿದ್ದರು. ಅದು ಸ್ಟಿರಾಯ್ಡ್, ಕೊಲೆಸ್ಟ್ರಾಲಿನ ಅದೇ ನಾಲ್ಕು ಉಂಗುರದ ಮನೆತನ. ತಾಯಿಗೆ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಇದನ್ನು ಕಂಡುಹಿಡಿದದ್ದು ಕುರಿಗಳಿಂದ. ನ್ಯೂಜಿಲೆಂಡಿನ ಲಿಗಿನ್ಸ್ ಎಂಬ ಡಾಕ್ಟರು, ದಿನ ತುಂಬದೆ ಹುಟ್ಟಿದ ಕುರಿಮರಿ ಈ ಔಷಧಿ ಕೊಟ್ಟಾಗ ಉಸಿರಾಡಿದ್ದನ್ನು ನೋಡಿ, ಹೋವಿ ಎಂಬವರ ಜೊತೆ ಸೇರಿ ತಾಯಂದಿರಲ್ಲಿ ಪರೀಕ್ಷೆ ಮಾಡಿ 1972ರಲ್ಲಿ ಪ್ರಕಟಿಸಿದರು. ಸರ್ಫ್ಯಾಕ್ಟಂಟ್ ಸೀಸೆ ದುಬಾರಿ. ನನ್ನ ಕೈಯಲ್ಲಿ ಆಗ ಸಂಬಳ ಇತ್ತು, ಅಜ್ಜಿಯ ಕೈಯಲ್ಲಿ ಏನೂ ಇರಲಿಲ್ಲ. ಆದರೆ ತಾಯಿಗೆ ಕೊಡುವ ಈ ಇಂಜೆಕ್ಷನ್ ಬಹಳ ಅಗ್ಗ, ಸರ್ಕಾರಿ ಆಸ್ಪತ್ರೆಗಳಲ್ಲೂ ಕೊಡುತ್ತಾರೆ. ಅದಕ್ಕೆ ಕೆಲಸ ಮಾಡಲು ಸಮಯ ಬೇಕು, ಒಂದು ದಿನ ಸಿಕ್ಕರೆ ಒಳ್ಳೆಯದು. ಆದ್ದರಿಂದ ಏಳನೆಯ ತಿಂಗಳಿನಲ್ಲೋ ಎಂಟನೆಯ ತಿಂಗಳಿನಲ್ಲೋ ನೋವು ಬಂದರೆ, ನೀರು ಹೋದರೆ, ಬೆಳಗಾಗಲಿ ಎಂದು ಕಾಯಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ, 108ಕ್ಕೆ ಫೋನ್ ಮಾಡಿ, ಹೊರಟುಬಿಡಿ.

ಮಕ್ಕಳೇ, ತೊಟ್ಟಿ ಇನ್ನೂ ಅಲ್ಲೇ ಇದೆ, ಬೆಳಿಗ್ಗೆ ನೋಡಿ ಬಂದೆ. ಊಟ ಆದ ಮೇಲೆ ಬನ್ನಿ. ಸೀಮೆಸುಣ್ಣದ ಪುಡಿ ನೀವು ತನ್ನಿ, ಎಣ್ಣೆ ನನ್ನ ಹತ್ತಿರ ಇದೆ. ಮೇಷ್ಟ್ರು ಬರುತ್ತೇನೆ ಎಂದಿದ್ದಾರೆ, ಪೊರಕೆ ಕಡ್ಡಿ ಅವರ ಕೈಗೇ ಕೊಡೋಣ. ಗಾಳಿ ಎದ್ದರೆ ಪುಡಿ ಚದುರುತ್ತದೆ, ಹಾಗಾಗಿ ಮೂರು ಗಂಟೆಯೊಳಗೆ ಬಂದುಬಿಡಿ.